ಅಪೋಫಿಸ್ ಬರುತ್ತದೆ, ಅಂಜಬ್ಯಾಡ್ರಿ!

ಬೇಸಿಗೆಯಲ್ಲಿ ನಮ್ಮೂರು ರನ್ನ ಬೆಳಗಲಿಯ ಆಕಾಶವನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುವವರು ರಾತ್ರಿ ಕಬ್ಬಿಗೆ ನೀರು ಹಾಯಿಸುವ ರೈತರು. ತ್ರೀಫೇಸ್ ಕರೆಂಟ್ ಬಂದ ಕೂಡಲೇ ಮೋಟರ್ ಚಾಲೂ ಮಾಡಿ, ಒಂದು ಸಾಲು ತುಂಬುವವರೆಗೆ ಸಲಿಕೆ ಊರಿ ನಿಂತರೆ ಜೊತೆಗಿರುವುದು ಚುಕ್ಕೆಗಳು ಮಾತ್ರ. 2029ರ ಏಪ್ರಿಲ್ 13ರ ರಾತ್ರಿ ಆ ಚುಕ್ಕೆಗಳ ನಡುವೆ ಹೊಸದೊಂದು ನಡೆದುಹೋಗಲಿದೆ. ಅದರ ಹೆಸರು ಅಪೋಫಿಸ್.

ಇದು ನಕ್ಷತ್ರವಲ್ಲ, ಕ್ಷುದ್ರಗ್ರಹ. ಸರಾಸರಿ ಅಗಲ ಸುಮಾರು 340 ಮೀಟರ್. ವಿಜಯಪುರದ ಗೋಳಗುಮ್ಮಟವನ್ನು ಒಂದರ ಮೇಲೊಂದು ಆರೇಳು ಸಲ ಪೇರಿಸಿದಷ್ಟು. ನಡು ಸಣ್ಣದಾದ ಶೇಂಗಾಕಾಯಿಯಂತೆ ಇದರ ಆಕಾರ ಇರಬಹುದೆಂದು ರೇಡಾರ್ ಚಿತ್ರಗಳು ಸೂಚಿಸಿವೆ. ಸೂರ್ಯನನ್ನು ಒಂದು ಸುತ್ತು ಹಾಕಲು ಇದಕ್ಕೆ ಸುಮಾರು 324 ದಿನ ಬೇಕು.

ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದಲ್ಲಿ ರಾಯ್ ಟಕರ್, ಡೇವಿಡ್ ಥೋಲನ್, ಫ್ಯಾಬ್ರಿಜಿಯೊ ಬರ್ನಾರ್ಡಿ 2004ರ ಜೂನ್ 19ರಂದು ಇದನ್ನು ಕಂಡುಹಿಡಿದರು. ಅದೇ ಡಿಸೆಂಬರಿನಲ್ಲಿ ಜಗತ್ತೇ ಬೆಚ್ಚಿತು. 2029ರಲ್ಲಿ ಭೂಮಿಗೆ ಅಪ್ಪಳಿಸುವ ಸಾಧ್ಯತೆ ಶೇ 2.7 ಎಂದು ಲೆಕ್ಕ ಹೇಳಿತ್ತು. ಆ ವರ್ಷದ ಮಾರ್ಚ್‌ನಲ್ಲೇ ತೆಗೆದಿದ್ದ ಚಿತ್ರಗಳಲ್ಲಿ ಕಲ್ಲಿನ ಗುರುತು ಸಿಕ್ಕಿತು. ಪಥ ಇನ್ನಷ್ಟು ನಿಖರವಾಯಿತು, 2029ರ ಭಯ ಕರಗಿತು. 2021ರ ರೇಡಾರ್ ಅಳತೆಗಳ ನಂತರ, ಕನಿಷ್ಠ ನೂರು ವರ್ಷ ಅಪಾಯವಿಲ್ಲ ಎಂದು ನಾಸಾ ಘೋಷಿಸಿತು.

ಆದರೂ ಅದು ಬರುವುದು ಬಹಳ ಹತ್ತಿರಕ್ಕೇ. ನಮ್ಮ ಮಾಳಿಗೆಯ ಮೇಲಿನ ಟಿವಿ ಡಿಶ್‌ಗೆ ಸಿಗ್ನಲ್ ಕಳಿಸುವ ಉಪಗ್ರಹಗಳು 36,000 ಕಿ.ಮೀ. ಎತ್ತರದಲ್ಲಿವೆ. ಅಪೋಫಿಸ್ ಅವಕ್ಕಿಂತಲೂ ಕೆಳಗೆ, 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಆಗ ಭೂಮಿಯ ಸೆಳೆತಕ್ಕೆ ಅದರ ಪಥವೇ ಹಿಗ್ಗಿ, ಸುತ್ತಿನ ಅವಧಿ ಒಂದು ವರ್ಷವನ್ನು ಮೀರಲಿದೆ.

ಇಷ್ಟು ದೊಡ್ಡ ಕಲ್ಲು ಇಷ್ಟು ಸಮೀಪ ಬರುವುದು ಹಲವು ಸಾವಿರ ವರ್ಷಕ್ಕೊಮ್ಮೆ. ಕವಿ ರನ್ನ ಈ ಊರಲ್ಲಿ ಹುಟ್ಟಿ ಸಾವಿರ ವರ್ಷವಷ್ಟೇ ಆಗಿದೆ ಎಂದು ನೆನೆದರೆ ಈ ಭೇಟಿ ಎಷ್ಟು ಅಪರೂಪದ್ದೆಂದು ತಿಳಿಯುತ್ತದೆ.

ಅಪೋಫಿಸ್ ಬರುವ ಏಪ್ರಿಲ್ 13 ಶುಕ್ರವಾರ, ಅಮಾವಾಸ್ಯೆ ಬೇರೆ. ಮೊಬೈಲಿನಲ್ಲಿ ಪ್ರಳಯದ ವಿಡಿಯೊಗಳು ಹರಿದಾಡಿದರೆ ಅಚ್ಚರಿಯಿಲ್ಲ. ನಂಬಬೇಡಿ, ಬಾಗಿಲು ಹಾಕಿ ಕೂರಬೇಡಿ. ಬೆಳದಿಂಗಳಿಲ್ಲದ ಆ ರಾತ್ರಿ ಚುಕ್ಕೆ ನೋಡಲು ಹೇಳಿಮಾಡಿಸಿದಂತಿದೆ. ಅಪೋಫಿಸ್ ಹಿಂದೂ ಮಹಾಸಾಗರದ ಮೇಲಿಂದ ಆಫ್ರಿಕಾದತ್ತ ಸಾಗುತ್ತದೆ; ಭೂಮಿಗೆ ಅತಿ ಸಮೀಪದ ಗಳಿಗೆ ಬರುವುದು ನಮ್ಮ ಗಡಿಯಾರದ ನಸುಕಿನ 3.16ಕ್ಕೆ, ಅಷ್ಟೊತ್ತಿಗೆ ಅದು ಅಟ್ಲಾಂಟಿಕ್ ಮೇಲಿರುತ್ತದೆ. ಹಾಗಾಗಿ ನಡುರಾತ್ರಿಯಿಂದಲೇ ದಕ್ಷಿಣ-ಪಶ್ಚಿಮ ದಿಕ್ಕಿನತ್ತ ಕಣ್ಣಿಡಿ. ಮಕ್ಕಳನ್ನೂ ಹೊಲಕ್ಕೆ ಕರೆದುಕೊಂಡು ಹೋಗಿ.