ಭಾರದ ಕಲ್ಲೆಲ್ಲ ವಜ್ರದ ಕಲ್ಲಲ್ಲ: ಎಕ್ಲೊಗೈಟ್ ಗುರುತಿಸುವುದು ಹೇಗೆ?

ನಾರಾಯಣಪೇಟ: ಮೊನ್ನೆ ಮಕ್ತಲ್ ಕಡೆಯ ರೈತರೊಬ್ಬರು ಟವಲಿನಲ್ಲಿ ಕಲ್ಲು ಸುತ್ತಿಕೊಂಡು ಮನೆಗೆ ಬಂದರು. “ಭಾಳ ವಜ್ಜೆ ಐತ್ರಿ ಸಾರ್, ಒಳಗ ವಜ್ರ ಇರಬಹುದೇನ್ರಿ?” ಎಂದು ಕೇಳಿದರು. ‘ಟೆಸ್ಟ್’ ಮಾಡಿಸಿ ಕೊಡುತ್ತೇನೆಂದು ಯಾರೋ ಎರಡು ಸಾವಿರ ರೂಪಾಯಿ ಕೇಳಿದ್ದರಂತೆ.

ಅವರ ಆಸೆ ಪೂರ್ತಿ ಸುಳ್ಳಲ್ಲ. ಕೋಟಕೊಂಡ, ಮದ್ದೂರು, ಗದ್ವಾಲ ಕಡೆಯ ಸಿದ್ದನಪಲ್ಲಿ ಸುತ್ತ ಕಿಂಬರ್ಲೈಟ್ ಎಂಬ ಶಿಲೆ ಇದೆ. ಸುಮಾರು 110 ಕೋಟಿ ವರ್ಷಗಳ ಹಿಂದೆ, 150 ಕಿ.ಮೀ.ಗೂ ಹೆಚ್ಚು ಆಳದಿಂದ ಕರಗಿದ ರೂಪದಲ್ಲಿ ನುಗ್ಗಿ ಬಂದದ್ದು. ವಜ್ರ ಮೇಲೆ ಬರುವುದು ಹೆಚ್ಚಾಗಿ ಇದರ ಜೊತೆಗೇ. ಆದರೆ ಎಲ್ಲ ಕಿಂಬರ್ಲೈಟಿನಲ್ಲೂ ವಜ್ರ ಇರುವುದಿಲ್ಲ!

ಕಿಂಬರ್ಲೈಟ್ ಬರುವಾಗ ದಾರಿಯಲ್ಲಿದ್ದ ಬೇರೆ ಕಲ್ಲುಗಳನ್ನೂ ಕಿತ್ತು ತರುತ್ತದೆ. ಅಂಥದ್ದರಲ್ಲಿ ಎಕ್ಲೊಗೈಟ್ ಒಂದು. ನಮ್ಮ ದಕ್ಷಿಣಕ್ಕೆ, ಅನಂತಪುರ ಜಿಲ್ಲೆಯ ಕಲ್ಯಾಣದುರ್ಗದ ಕಿಂಬರ್ಲೈಟಿನಲ್ಲಿ ಇದರ ಉಂಡೆಗಳು ಸಿಕ್ಕಿವೆ. ಮೂಲದಲ್ಲಿ ಇದು ಬಸಾಲ್ಟಿನಂಥ ಕರಿಕಲ್ಲೇ. 45–50 ಕಿ.ಮೀ.ಗಿಂತ ಕೆಳಗೆ ಹೋದಾಗ ಒತ್ತಡಕ್ಕೆ ಅದರ ಖನಿಜಗಳು ಬದಲಾಗಿ, ಒತ್ತೊತ್ತಾಗಿ ಕೂಡುತ್ತವೆ. ಭಾರಕ್ಕೆ ಕಾರಣ ಅದೇ.

ಗುರುತು ಬಣ್ಣದಲ್ಲಿದೆ. ಹೊಸದಾಗಿ ಒಡೆದ ಮೈಯಲ್ಲಿ ದಾಳಿಂಬೆ ಬೀಜದಂಥ ಕೆಂಪು ಗಾರ್ನೆಟ್ ಕಾಳುಗಳು, ಸುತ್ತ ಹುಲ್ಲು ಹಸಿರಿನ ಆಂಫಸೈಟ್. ಗ್ರಾನೈಟಿನಲ್ಲಿ ಕಾಣುವ ಬಿಳಿ ಫೆಲ್ಡ್‌ಸ್ಪಾರ್ ಇರಬಾರದು. ಗದ್ವಾಲ ಭಾಗದ ಆಂಫಿಬೊಲೈಟ್ ಕೂಡ ಹಸಿರುಗಪ್ಪು, ಭಾರ. ಮೋಸ ಹೋಗುವುದು ಅಲ್ಲೇ.

ಎರಡನೆಯದು ತೂಕ. ಇದಕ್ಕೆ ಸ್ಪ್ರಿಂಗ್ ತಕ್ಕಡಿ, ದಾರ, ಒಂದು ಬಕೆಟ್ ನೀರು ಸಾಕು. ಕಲ್ಲನ್ನು ದಾರಕ್ಕೆ ಕಟ್ಟಿ ಮೊದಲು ಹಾಗೇ ತೂಗಿ. ಆಮೇಲೆ ಬಕೆಟಿನ ತಳಕ್ಕೆ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿ. ಎಷ್ಟು ಕಡಿಮೆಯಾಯಿತೋ ಅದರಿಂದ ಮೊದಲ ತೂಕವನ್ನು ಭಾಗಿಸಿ. ಗ್ರಾನೈಟ್ ಆದರೆ 2.7ರ ಆಸುಪಾಸು, ಡಾಲರೈಟ್ ಕರಿಕಲ್ಲು 3ರ ಹತ್ತಿರ, ಎಕ್ಲೊಗೈಟ್ 3.3ರಿಂದ 3.6. ಕಬ್ಬಿಣದ ಅದಿರು ಇನ್ನೂ ಮೇಲೆ ಹೋಗುತ್ತದೆ, ಹಾಗಾಗಿ ಬಣ್ಣ, ತೂಕ ಎರಡೂ ಹೊಂದಬೇಕು.

ರೈತರ ಕಲ್ಲನ್ನು ಅಂಗಳದಲ್ಲೇ ತೂಗಿದೆವು. ಹೊರಗೆ 1,200 ಗ್ರಾಂ, ನೀರಿನಲ್ಲಿ 800. ಅಂದರೆ 3. ಕೆಂಪು ಕಾಳು ಒಂದೂ ಇಲ್ಲ. ಹೊಲದ ಬದುವಿನ ಕರಿಕಲ್ಲು! ಎರಡು ಸಾವಿರ ಉಳಿಯಿತು.

ನಿಮ್ಮ ಕಲ್ಲಿಗೆ ಎರಡೂ ಲಕ್ಷಣ ಹೊಂದಿದರೆ ಸಿಕ್ಕ ಜಾಗವನ್ನು ಬರೆದಿಟ್ಟುಕೊಂಡು ಹೈದರಾಬಾದಿನ ಬಂಡ್ಲಗೂಡದಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗೆ ತಿಳಿಸಿ. ಜಾಗ ಗೊತ್ತಿಲ್ಲದ ಕಲ್ಲಿನಿಂದ ಅವರಿಗೂ ಹೆಚ್ಚು ಉಪಯೋಗವಿಲ್ಲ.