ಸಂಘಕ್ಕೊಂದು ಮೊಬೈಲ್ ಆ್ಯಪ್: ಹಣ ಕೊಡುವ ಮುನ್ನ ಯೋಚಿಸಬೇಕಾದ ಸಂಗತಿಗಳು

ಕಳೆದ ಕೊಯ್ಲಿನ ಸಮಯ. ನಮ್ಮ ಸದಸ್ಯರೊಬ್ಬರು 12 ಚೀಲ ರೊಬಸ್ಟಾ ಚೆರಿಯನ್ನು ಬಾಡಿಗೆ ಪಿಕಪ್ಪಿನಲ್ಲಿ ಹೇರಿಕೊಂಡು 30 ಕಿಲೋಮೀಟರ್ ದೂರದಿಂದ ಗೋದಾಮಿಗೆ ಬಂದರು. ಅಂದು ದಾಸ್ತಾನು ತಪಾಸಣೆ ಇದ್ದುದರಿಂದ ತೂಕ ನಡೆಯುತ್ತಿರಲಿಲ್ಲ. "ನಿನ್ನೆಯೇ ಬೋರ್ಡು ಹಾಕಿದ್ದೆವಲ್ಲ" ಎಂದರು ಗುಮಾಸ್ತರು. "ನಿಮ್ಮ ಬೋರ್ಡು ನನ್ನ ಕಣದಿಂದ ಕಾಣುವುದಿಲ್ಲ ಮಾರಾಯ್ರೇ" ಎಂದು ಅವರು ಉತ್ತರವಿತ್ತರು. ಸರಕನ್ನು ವಾಪಸು ಒಯ್ದು ಮರುದಿನ ಮತ್ತೆ ತಂದರು. ಆ ಎರಡನೆಯ ಬಾಡಿಗೆಯನ್ನು ಯಾರೂ ಭರಿಸಿಕೊಡಲಿಲ್ಲ.

ಈ ಪ್ರಸಂಗ ಆಡಳಿತ ಮಂಡಳಿಯಲ್ಲಿ ಚರ್ಚೆಗೆ ಬಂದು, ನಮ್ಮ ಸಂಘಕ್ಕೂ ಒಂದು ಮೊಬೈಲ್ ಆ್ಯಪ್ ಬೇಕೆಂಬ ಸಲಹೆ ಈಗ ಮಹಾಸಭೆಯ ಮುಂದೆ ಬರಲಿದೆ. ಸಲಹೆ ಒಳ್ಳೆಯದೇ. ಆದರೆ ಖರ್ಚಾಗುವುದು ಸದಸ್ಯರ ಹಣ. ತೋಟ ಮಾಡುವವನು ಮೊದಲು ನೀರು, ನೆರಳು, ಬಸಿಗಾಲುವೆ ನೋಡಿಕೊಂಡು ನಂತರ ಗುಂಡಿ ತೋಡಿಸುತ್ತಾನೆ. ಆ್ಯಪ್ ಮಾಡಿಸುವ ಕ್ರಮವೂ ಇದೇ. ಸದಸ್ಯ ಬಂಧುಗಳು ಸಭೆಗೆ ಬರುವಾಗ ವಿಷಯ ತಿಳಿದುಕೊಂಡೇ ಬರಲೆಂಬ ಉದ್ದೇಶದಿಂದ ಈ ಲೇಖನ.

ಬೇಕಾದುದು ಯಾವುದು?

ಆ್ಯಪ್ ಎಂದೊಡನೆ ಪ್ರತಿಯೊಬ್ಬರೂ ಒಂದೊಂದು ಬೇಡಿಕೆ ಮುಂದಿಡುತ್ತಾರೆ. ದರ, ಹವಾಮಾನ, ಸಾಲದ ಬಾಕಿ, ಗೊಬ್ಬರದ ದಾಸ್ತಾನು, ರೋಗಗಳ ಚಿತ್ರ, ಸಮಾರಂಭದ ಫೋಟೋ, ಹೀಗೆ ಪಟ್ಟಿ ಬೆಳೆಯುತ್ತದೆ. ಪಟ್ಟಿ ಬೆಳೆದಂತೆ ಖರ್ಚೂ ಬೆಳೆಯುತ್ತದೆ, ಕೆಡುವ ಜಾಗಗಳೂ ಹೆಚ್ಚುತ್ತವೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಲೆಕ್ಕ ಹಾಕಲು ನಮ್ಮ ಯಾವ ಅಡಿಕೆ ಬೆಳೆಗಾರನಿಗೂ ಯಂತ್ರದ ಸಹಾಯ ಬೇಡ.

ಆದುದರಿಂದ ಮೊದಲು ಕೇಳಿಕೊಳ್ಳಬೇಕಾದುದು ಆ್ಯಪಿನಲ್ಲಿ ಏನೇನು ಇರಬೇಕೆಂದಲ್ಲ. ಬೆಳೆಗಾರನಿಗೆ ಈಗ ಎಲ್ಲಿ ನಷ್ಟವಾಗುತ್ತಿದೆ ಎಂದು. ಹತ್ತಾರು ಸದಸ್ಯರ ಮನೆಗೆ ಹೋಗಿ ಕುಳಿತು ಕೇಳಿದರೆ ಬಹುಶಃ ಮೂರೇ ಮಾತು ಮತ್ತೆಮತ್ತೆ ಕೇಳಿಬಂದೀತು. ಇವತ್ತಿನ ದರ ಏನು? ಗೋದಾಮು ತೆರೆದಿದೆಯೇ? ನನ್ನ ಸರಕಿನ ತೂಕ, ಔಟ್‌ಟರ್ನ್ ಮತ್ತು ಹಣ ಎಷ್ಟಾಯಿತು?

ಮೂರನೆಯ ಪ್ರಶ್ನೆಯೇ ಮುಖ್ಯ. ಆ 12 ಚೀಲವನ್ನೇ ತೆಗೆದುಕೊಳ್ಳೋಣ. 50 ಕಿಲೋ ಚೀಲಕ್ಕೆ 26 ಕಿಲೋ ಶುದ್ಧ ಬೀಜ ಬಂದರೆ ಒಟ್ಟು 312 ಕಿಲೋ. 25 ಬಂದರೆ 300 ಕಿಲೋ. ಒಂದೇ ಪಾಯಿಂಟಿನ ವ್ಯತ್ಯಾಸದಲ್ಲಿ 12 ಕಿಲೋ ಬೀಜದ ಹಣ ಅಡಗಿದೆ. ತೂಕವಾದ ಕೂಡಲೇ ಒಟ್ಟು ತೂಕ, ಚೀಲದ ಕಳೆತ, ತೇವಾಂಶ, ಔಟ್‌ಟರ್ನ್ ಇವೆಲ್ಲವೂ ಬೆಳೆಗಾರನ ಕೈಸೇರಿದರೆ ಅವನು ಅಲ್ಲಿಯೇ ಪ್ರಶ್ನಿಸಬಲ್ಲ. ವಾರ ಕಳೆದ ಮೇಲೆ ಚೀಟಿ ಸಿಕ್ಕಿದರೆ ಪ್ರಶ್ನಿಸಿ ಪ್ರಯೋಜನವಿಲ್ಲ.

ಮೊದಲೆರಡು ಪ್ರಶ್ನೆಗಳಿಗೆ ಎಸ್ಸೆಮ್ಮೆಸ್ ಅಥವಾ ವಾಟ್ಸಾಪ್ ಸಂದೇಶವೇ ಸಾಕಾಗಬಹುದು ಎಂಬುದನ್ನೂ ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಅಷ್ಟಕ್ಕೇ ಆ್ಯಪ್ ಮಾಡಿಸುವುದು ಇಲಿ ಹಿಡಿಯಲು ಬೆಟ್ಟ ಅಗೆದಂತೆ. ಸದಸ್ಯನ ಖಾತೆ, ಚೀಟಿ, ಲೆಕ್ಕ ಇವುಗಳನ್ನು ಅವನವನಿಗೆ ಮಾತ್ರ ಕಾಣುವಂತೆ ತೋರಿಸುವ ಉದ್ದೇಶವಿದ್ದಲ್ಲಿ ಆ್ಯಪ್ ಯುಕ್ತ.

ಬೇರೆಯವರ ಅನುಭವ

ಕೀನ್ಯಾ ದೇಶವೂ ನಮ್ಮಂತೆ ಕಾಫಿ ಬೆಳೆಯುವ ನಾಡು. ಅಲ್ಲಿ 2005ರಲ್ಲಿ ನೈರೋಬಿ ಮತ್ತು ತೀಕಾ ಪಟ್ಟಣಗಳಲ್ಲಿ ಒಂದು ಪ್ರಯೋಗ ನಡೆಯಿತು. ಸಣ್ಣ ಸಾಲಗಾರರು ತಮ್ಮ ಕಂತನ್ನು ಮೊಬೈಲ್ ಮೂಲಕ ಕಟ್ಟಲೆಂಬುದು ಯೋಜನೆ. ಆದರೆ ಜನ ಅದನ್ನು ಕಂತಿಗಷ್ಟೇ ಅಲ್ಲದೆ ಒಬ್ಬರಿಗೊಬ್ಬರು ಹಣ ಕಳುಹಿಸಲು ಬಳಸತೊಡಗಿದರು. ಯೋಜಕರು ಇದನ್ನು ಗಮನಿಸಿ ಮೂಲ ಯೋಜನೆಯನ್ನೇ ಬದಲಿಸಿ, 2007ರಲ್ಲಿ 'ಎಂ-ಪೆಸಾ' ಎಂಬ ಹೆಸರಿನಲ್ಲಿ ಹಣ ಕಳುಹಿಸುವ ಸೇವೆಯಾಗಿ ಬಿಡುಗಡೆ ಮಾಡಿದರು. ಸಾಮಾನ್ಯ ಫೋನಿನಲ್ಲೂ ನಡೆಯುತ್ತಿದ್ದುದರಿಂದ ಅದು ಹಳ್ಳಿಹಳ್ಳಿಗೂ ಹಬ್ಬಿತು. ಜನ ನಿಜವಾಗಿ ಏನು ಮಾಡುತ್ತಾರೆಂದು ಕಣ್ಣಾರೆ ನೋಡಿದವರಿಗೆ ಜಯ ದೊರೆಯಿತು.

ನಮ್ಮಲ್ಲೇ ಕಂಡ ಉದಾಹರಣೆ ಬೆಳೆ ಸಮೀಕ್ಷೆಯ ಆ್ಯಪ್. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ವಿವರ ದಾಖಲಿಸಲು ರಾಜ್ಯ ಸರ್ಕಾರ ಅವಕಾಶ ಕೊಟ್ಟಿತು. ಅದರಲ್ಲಿ ಗ್ರಾಮದ ನಕ್ಷೆಯನ್ನು ನೆಟ್‌ವರ್ಕ್ ಇರುವಲ್ಲಿ ಮೊದಲೇ ಇಳಿಸಿಕೊಂಡು, ಜಮೀನಿಗೆ ಹೋಗಿ ಚಿತ್ರ ತೆಗೆದು, ಅನಂತರ ನೆಟ್‌ವರ್ಕ್ ಸಿಕ್ಕಲ್ಲಿ ಕಳುಹಿಸುವ ವ್ಯವಸ್ಥೆ ಇತ್ತು. ಗುಡ್ಡದ ಸಂದಿಯಲ್ಲಿ ಮನೆ ಇರುವ ನಮಗೆ ಈ ಕ್ರಮ ಅತ್ಯಗತ್ಯ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಮಲಗುವ ಊರುಗಳಲ್ಲಿ, ಕೊನೆಯ ಬಾರಿ ಬಂದ ದರವನ್ನೂ ಚೀಟಿಯನ್ನೂ ಫೋನಿನಲ್ಲೇ ಉಳಿಸಿಕೊಂಡು, ಅದು ಯಾವ ದಿನದ್ದು ಎಂದು ತಾರೀಖು ಸಮೇತ ತೋರಿಸುವ ಆ್ಯಪ್ ಮಾತ್ರ ಉಪಯೋಗಕ್ಕೆ ಬರುತ್ತದೆ.

ಕಾಫಿ ಮಂಡಳಿ 2018ರಲ್ಲಿ ಆರಂಭಿಸಿದ 'ಕಾಫಿ ಕೃಷಿ ತರಂಗ' ಮಾಹಿತಿಯನ್ನು ಧ್ವನಿಯ ಮೂಲಕ ತಲುಪಿಸುವ ಮಾರ್ಗ ಹಿಡಿಯಿತು. ಓದುವುದು ಕಷ್ಟವಾದ ಹಿರಿಯರಿಗೂ ಕಿವಿ ಇದೆಯಲ್ಲವೇ?

ಮೊದಲು ಕಾಗದದ ಮೇಲೆ

ಆ್ಯಪಿನ ಪ್ರತಿ ಪುಟವನ್ನೂ ಮೊದಲು ಪೆನ್ಸಿಲಿನಲ್ಲಿ ಕಾಗದದ ಮೇಲೆ ಬರೆಯತಕ್ಕದ್ದು. ಮೊದಲ ಪುಟದಲ್ಲಿ ದರ ಎಲ್ಲಿ, ಗೋದಾಮಿನ ಸಮಯ ಎಲ್ಲಿ, 'ನನ್ನ ಚೀಟಿಗಳು' ಎಂಬ ಗುಂಡಿ ಎಲ್ಲಿ ಎಂದು ಗುರುತಿಸಿ, ಆ ಕಾಗದವನ್ನು ಐದಾರು ಸದಸ್ಯರ ಮುಂದಿಟ್ಟು "ನಿಮ್ಮ ಮೊನ್ನೆಯ ತೂಕ ನೋಡಬೇಕಾದರೆ ಎಲ್ಲಿ ಒತ್ತುತ್ತೀರಿ?" ಎಂದು ಕೇಳಬೇಕು. ಬೆರಳು ತಪ್ಪು ಜಾಗಕ್ಕೆ ಹೋದರೆ ತಪ್ಪು ಬೆಳೆಗಾರನದಲ್ಲ, ಪುಟದ್ದು. ಕಾಗದದ ಮೇಲಿನ ತಪ್ಪನ್ನು ರಬ್ಬರಿನಿಂದ ಅಳಿಸಬಹುದು. ಕಟ್ಟಿದ ಮೇಲೆ ಅದೇ ತಪ್ಪನ್ನು ಅಳಿಸಲು ಬಿಲ್ಲು ಬರುತ್ತದೆ.

ನಮ್ಮ ಅಳತೆಗಳನ್ನು ತಿಳಿಯದವರು ವಿನ್ಯಾಸ ಮಾಡಿದರೆ ಎಡವುದು ಖಂಡಿತ. ಮಂಗಳೂರು, ಪುತ್ತೂರು ಕಡೆ ಚಾಲಿಯ ದರ ಕಿಲೋ ಲೆಕ್ಕ. ಶಿವಮೊಗ್ಗ, ಶಿರಸಿಗಳಲ್ಲಿ ಕ್ವಿಂಟಲ್ ಲೆಕ್ಕ. ಕಾಫಿಯ ಮಾತು ಚೀಲದಲ್ಲಿ. ಮಳೆಯನ್ನು ನಮ್ಮ ಪ್ಲಾಂಟರುಗಳು ಇಂದಿಗೂ "ಒಂದು ಇಂಚು ಇಪ್ಪತ್ತು ಸೆಂಟ್ಸ್" ಎಂದೇ ಬರೆದಿಡುತ್ತಾರೆ, ಆ್ಯಪ್ 30.48 ಮಿಲಿಮೀಟರ್ ಎಂದರೆ ಹೂಮಳೆ ಸಾಕಾಯಿತೋ ಇಲ್ಲವೋ ಎಂದು ತಟ್ಟನೆ ತಿಳಿಯದು. ರಾಶಿ, ಬೆಟ್ಟೆ, ಗೊರಬಲು, ಹೊಸ ಚಾಲಿ, ಹಳೆ ಚಾಲಿ ಎಂಬ ಹೆಸರುಗಳು ನಾವು ಹೇಳುವಂತೆಯೇ ಇರಲಿ.

ಎಲ್ಲವೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಬಿಸಿಲಿನ ಕಣದಲ್ಲಿ ನಿಂತರೂ ಓದಲಾಗುವಂತೆ ಇರಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಹಲವು ಕಚೇರಿಗಳ ಹಳೆಯ ಪಟ್ಟಿಗಳು ನುಡಿ, ಬರಹ ತಂತ್ರಾಂಶಗಳ ಹಿಂದಿನ ಅಕ್ಷರ ಸಂಕೇತದಲ್ಲಿವೆ. ಮೊಬೈಲ್ ಫೋನುಗಳು ಅರಿಯುವುದು ಯೂನಿಕೋಡನ್ನು. ಪರಿವರ್ತಿಸದೆ ಹಾಕಿದರೆ ಸದಸ್ಯರ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಒಂದೇ ಹೆಸರಿನ ಇಬ್ಬರು, ತೀರಿಹೋದವರ ಖಾತೆ, ಬದಲಾದ ಫೋನ್ ನಂಬರು ಇವೆಲ್ಲವನ್ನೂ ಆ್ಯಪಿಗಿಂತ ಮೊದಲು ಸರಿಪಡಿಸಬೇಕು. ಲೆಡ್ಜರು ಗೊಂದಲವಾಗಿದ್ದರೆ ಆ್ಯಪ್ ಆ ಗೊಂದಲವನ್ನು ಬೇಗನೆ ಹರಡುತ್ತದೆ, ಅಷ್ಟೆ.

ಕಟ್ಟುವ ಕೆಲಸ

ಆ್ಯಪಿಗೆ ಎರಡು ಭಾಗ. ಫೋನಿನಲ್ಲಿ ಕಾಣುವುದು ಸಂಘದ ಕೌಂಟರಿನಂತೆ. ಲೆಕ್ಕವೆಲ್ಲ ಇರುವ ಸರ್ವರ್ ಒಳಗಿನ ಲೆಡ್ಜರು ಕೋಣೆಯಂತೆ. ಕೌಂಟರು ಎಷ್ಟೇ ಚೆಂದವಿದ್ದರೂ ಒಳಗೆ ದಿನವೂ ಲೆಕ್ಕ ಬರೆಯುವವರಿಲ್ಲದಿದ್ದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಇಂತಿಷ್ಟು ಗಂಟೆಯೊಳಗೆ ದರ ಹಾಕುವ ಹೊಣೆ ಯಾರದು, ಅವರು ರಜೆಯಲ್ಲಿದ್ದರೆ ಯಾರದು ಎಂಬುದು ಮೊದಲೇ ನಿರ್ಧಾರವಾಗಲಿ.

ನಮ್ಮ ಸದಸ್ಯರಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಆ್ಯಂಡ್ರಾಯ್ಡ್ ಫೋನು. ಅದಕ್ಕೆಂದೇ ಕಾಟ್ಲಿನ್ ಭಾಷೆಯಲ್ಲಿ ಬರೆಯಬಹುದು. ಅಥವಾ ಫ್ಲಟರ್, ರಿಯಾಕ್ಟ್ ನೇಟಿವ್ ಮುಂತಾದ ಸಾಧನಗಳಿಂದ ಒಮ್ಮೆ ಬರೆದು ಐಫೋನಿಗೂ ಹೊಂದಿಸಬಹುದು. ಹಳೆಯ, ಕಡಿಮೆ ಬೆಲೆಯ ಫೋನಿನಲ್ಲಿ ಓಡುತ್ತದೆಯೇ ಎಂಬುದೇ ನಮಗೆ ಮುಖ್ಯ. ಗೂಗಲ್ ಪ್ಲೇ ಸ್ಟೋರಿನಲ್ಲಿ ಖಾತೆ ತೆರೆಯಲು ಒಮ್ಮೆ 25 ಡಾಲರ್ ಶುಲ್ಕ. ಐಫೋನಿನ ಆ್ಯಪ್ ಸ್ಟೋರಿಗೆ ವರ್ಷಕ್ಕೆ 99 ಡಾಲರ್. ಮೊದಲು ಆ್ಯಂಡ್ರಾಯ್ಡ್ ಒಂದೇ ಸಾಕು.

ಒಮ್ಮೆ ಕಟ್ಟಿದರೆ ಮುಗಿಯಿತೆಂದು ಯಾರೂ ಭಾವಿಸಬಾರದು. ಫೋನಿನ ಮೂಲ ತಂತ್ರಾಂಶ ವರ್ಷವರ್ಷವೂ ಹೊಸದಾಗುತ್ತದೆ. ಅದಕ್ಕೆ ಹೊಂದಿಸದ ಆ್ಯಪಿಗೆ ಪ್ಲೇ ಸ್ಟೋರು ಅಡ್ಡಿ ಮಾಡುತ್ತದೆ. ಅಡಿಕೆಗೆ ಒಂದು ವರ್ಷ ಔಷಧಿ ಹೊಡೆದು ಮರುವರ್ಷ ಬಿಟ್ಟರೆ ಕೊಳೆರೋಗ ಬಿಡುವುದೇ? ಆದುದರಿಂದ ಕಟ್ಟುವ ಖರ್ಚಿನ ಜೊತೆಗೆ ಮೂರು ವರ್ಷದ ನಿರ್ವಹಣೆಯ ಖರ್ಚನ್ನೂ ಸೇರಿಸಿಯೇ ಬಜೆಟ್ ಮಂಡಿಸುವುದು ಉಚಿತ.

ಕರಾರಿನಲ್ಲಿ ಎಚ್ಚರ

ಸದಸ್ಯರು ಅತಿ ಹೆಚ್ಚು ಪ್ರಶ್ನೆ ಕೇಳಬೇಕಾದ ಜಾಗ ಇದು. ಹಣ ಕೊಟ್ಟ ಮಾತ್ರಕ್ಕೆ ಆ್ಯಪ್ ನಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಹೊರಗಿನ ಸಂಸ್ಥೆಯಿಂದ ಬರೆಸಿದರೆ ಅದರ ಹಕ್ಕು ಸಾಮಾನ್ಯವಾಗಿ ಬರೆದವರದೇ. ನಮಗೆ ಬರಬೇಕಾದರೆ ಲಿಖಿತವಾಗಿ, ಸಹಿ ಸಮೇತ ವರ್ಗಾವಣೆಯಾಗಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷವೆಂದು ಪರಿಗಣಿಸುತ್ತದೆ. ಆದುದರಿಂದ ಅವಧಿಯನ್ನೂ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು.

ಅಲ್ಲದೆ ಸೋರ್ಸ್ ಕೋಡಿನ ಪ್ರತಿ ಸಂಘದ ಕಪಾಟಿನಲ್ಲಿರಬೇಕು. ಪ್ಲೇ ಸ್ಟೋರಿನ ಖಾತೆ, ಸರ್ವರಿನ ಬಾಡಿಗೆ, ಎಲ್ಲ ಪಾಸ್‌ವರ್ಡುಗಳು ಸಂಘದ ಹೆಸರಿನಲ್ಲಿರಬೇಕು. ಗುತ್ತಿಗೆದಾರರ ಹೆಸರಿನಲ್ಲಾಗಲಿ, ಕಾರ್ಯದರ್ಶಿಯವರ ಸ್ವಂತ ಹೆಸರಿನಲ್ಲಾಗಲಿ ಕೂಡದು. ಹಣವನ್ನು ಹಂತಹಂತವಾಗಿ, ಆಯಾ ಹಂತದ ಕೆಲಸ ಪರೀಕ್ಷಿಸಿದ ಮೇಲೆ ಕೊಡುವುದು, ಕೊನೆಯ ಭಾಗವನ್ನು ಒಂದು ಕೊಯ್ಲು ಮುಗಿಯುವವರೆಗೆ ತಡೆಹಿಡಿಯುವುದು ಕ್ಷೇಮ.

ಸದಸ್ಯರ ಗುಟ್ಟು ಸದಸ್ಯರದು

ಯಾರ ಮನೆಯಲ್ಲಿ ಎಷ್ಟು ಸರಕಿದೆ, ಯಾರಿಗೆ ಎಷ್ಟು ಸಾಲವಿದೆ ಎಂಬುದು ವ್ಯಾಪಾರಿಗೆ ತಿಳಿದರೆ ಬೆಳೆಗಾರನ ಚೌಕಾಸಿಯ ಬಲ ಹೋಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಯಾವ ಮಾಹಿತಿಯನ್ನು ಏಕೆ ಪಡೆಯುತ್ತೇವೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ತಿಳುವಳಿಕೆಯನ್ನು ಕನ್ನಡದಲ್ಲೂ ಪಡೆಯಲು ಅವಕಾಶವಿರಬೇಕು. ದತ್ತಾಂಶ ರಕ್ಷಣೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ದರ ನೋಡುವ ಆ್ಯಪಿಗೆ ನಮ್ಮ ಫೋನಿನಲ್ಲಿರುವ ನಂಟರಿಷ್ಟರ ನಂಬರುಗಳು ಬೇಡ. ಬೇಡದ್ದನ್ನು ಕೇಳದಿರುವುದೇ ಎಲ್ಲಕ್ಕಿಂತ ದೊಡ್ಡ ಭದ್ರತೆ.

ಯಾವಾಗ ಆರಂಭ?

ಕೊಯ್ಲಿನ ನಡುವೆ ಹೊಸ ಆ್ಯಪ್ ತರುವುದು ಬೇಡ. ಸೆಪ್ಟೆಂಬರಿನ ಮಹಾಸಭೆಯಲ್ಲಿ ತೀರ್ಮಾನವಾದರೆ, ಅರೇಬಿಕಾ ಕೊಯ್ಲಿನ ಕಾಲದಲ್ಲಿ ಸದಸ್ಯರ ಭೇಟಿ ಮತ್ತು ಕಾಗದದ ಕೆಲಸ ನಡೆಯಲಿ. ನಂತರ ಕಟ್ಟುವ ಕೆಲಸ. ಮಳೆಗಾಲದಲ್ಲಿ, ನೆಟ್‌ವರ್ಕ್ ಅತಿ ಕೆಟ್ಟಿರುವಾಗಲೇ, 25 ಸದಸ್ಯರ ಕೈಯಲ್ಲಿ ಪರೀಕ್ಷೆಯಾಗಲಿ. ಅವರಲ್ಲಿ ಅರ್ಧದಷ್ಟಾದರೂ 60 ದಾಟಿದವರು, ಲೆಕ್ಕ ನೋಡುವ ಹೆಂಗಸರು ಇರಲಿ. ಅಲ್ಲಿ ನಿಂತ ಆ್ಯಪ್ ಎಲ್ಲಿಯೂ ನಿಲ್ಲುತ್ತದೆ.

ಮೊದಲ ವರ್ಷ ಕಾಗದದ ಚೀಟಿ ನಿಲ್ಲಿಸಲೇ ಬಾರದು. ಆ್ಯಪಿನ ತೂಕಕ್ಕೂ ಕಾಗದದ ತೂಕಕ್ಕೂ ವ್ಯತ್ಯಾಸ ಬಂದರೆ ಯಾವುದು ಪ್ರಮಾಣ, ದೂರು ಯಾರಿಗೆ ಎಂಬುದು ಗೋಡೆಯ ಮೇಲೂ ಆ್ಯಪಿನಲ್ಲೂ ಬರೆದಿರಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮ ಬೆಳೆಯ ಮೇಲೆಯೇ ಹುಟ್ಟಿದ್ದು. ಒಂದು ತಪ್ಪು ಚೀಟಿಯಿಂದ ಹೋದ ನಂಬಿಕೆಯನ್ನು ಹತ್ತು ಹೊಸ ಸೌಲಭ್ಯಗಳು ತರಲಾರವು. ಫೋನಿಲ್ಲದ ಸದಸ್ಯನಿಗೂ ಅದೇ ದರ, ಅದೇ ಮಾಹಿತಿ, ಅದೇ ದಿನ ಸಿಗಬೇಕು. ಅವನೂ ನಮ್ಮಂತೆಯೇ ಷೇರು ಹಣ ಕೊಟ್ಟವನು.

ಮಹಾಸಭೆಗೆ ಬರುವ ಸದಸ್ಯರು ನಾಲ್ಕು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ಬರಲಿ: ಇದರಿಂದ ನನ್ನ ಯಾವ ನಷ್ಟ ತಪ್ಪುತ್ತದೆ? ದಿನವೂ ಮಾಹಿತಿ ಹಾಕುವವರು ಯಾರು? ಇದು ಯಾರ ಹೆಸರಿನಲ್ಲಿರುತ್ತದೆ? ಮೂರನೆಯ ವರ್ಷದ ಖರ್ಚು ಎಲ್ಲಿಂದ? ಈ ನಾಲ್ಕಕ್ಕೂ ಸಮರ್ಪಕ ಉತ್ತರ ಸಿಕ್ಕಿದರೆ ಧೈರ್ಯವಾಗಿ ಕೈಯೆತ್ತಬಹುದು. ಸಿಗದಿದ್ದರೆ ಒಂದು ವರ್ಷ ಕಾಯುವುದರಿಂದ ನಷ್ಟವೇನಿಲ್ಲ. ಅಲ್ಲಿಯವರೆಗೆ, ಗೋದಾಮು ಮುಚ್ಚುವ ಮುನ್ನಾದಿನ ಸದಸ್ಯರಿಗೆಲ್ಲ ಒಂದು ಸಂದೇಶ ಕಳುಹಿಸುವ ಪದ್ಧತಿಯನ್ನಾದರೂ ನಾಳೆಯಿಂದಲೇ ಆರಂಭಿಸಬಹುದು. ಅದಕ್ಕೆ ಯಾವ ಠರಾವೂ ಬೇಕಾಗಿಲ್ಲ.