ಮೂಕವಾದ ಮೋಡೆಮ್

ಟೆಲಿಫೋನ್ ವ್ಯವಸ್ಥೆಯು ಮನುಷ್ಯನ ಮಾತಿಗಾಗಿ ಏರ್ಪಟ್ಟುದು. ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳುಳ್ಳ ಸ್ವರಗಳನ್ನಷ್ಟೇ ಅದು ಸಾಗಿಸಬಲ್ಲದು. ಗಣಕಯಂತ್ರಕ್ಕಾದರೋ ಸೊನ್ನೆ, ಒಂದು ಎಂಬ ಅಂಕಿಗಳ ಹೊರತು ಬೇರೆ ಭಾಷೆಯಿಲ್ಲ. ಅಂಕಿಗಳನ್ನು ಸ್ವರಗಳಾಗಿಯೂ ಸ್ವರಗಳನ್ನು ಅಂಕಿಗಳಾಗಿಯೂ ಮಾರ್ಪಡಿಸುವ ದುಭಾಷಿಯೇ ಮೋಡೆಮ್.

ಹಳೆಯ ಮೋಡೆಮುಗಳಲ್ಲಿ ಈ ಕಾರ್ಯಕ್ಕೆಂದೇ ಪ್ರತ್ಯೇಕ ಸಂಸ್ಕಾರಕವಿರುತ್ತಿತ್ತು. 1990ರ ದಶಕದ ಕೊನೆಯಲ್ಲಿ ಲ್ಯಾಪ್‌ಟಾಪುಗಳೊಳಗೆ ಸೇರಿದ ಅಗ್ಗದ ಮೋಡೆಮುಗಳಲ್ಲಿ ಅದನ್ನು ಕೈಬಿಟ್ಟರು. ಲೆಕ್ಕಾಚಾರವೆಲ್ಲ ಗಣಕದ ಮುಖ್ಯ ಸಂಸ್ಕಾರಕದ ಪಾಲಾಯಿತು. ಅದನ್ನು ನಡೆಸುವ ಕ್ರಮವಿಧಿಯನ್ನು ಬಹುಮಟ್ಟಿಗೆ ವಿಂಡೋಸ್ ವ್ಯವಸ್ಥೆಗಾಗಿ ಮಾತ್ರ ಬರೆದರು. ಆದಕಾರಣವೇ ಇವು 'ವಿನ್‌ಮೋಡೆಮ್' ಎನಿಸಿದುವು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನು ಅಂಥ ಲ್ಯಾಪ್‌ಟಾಪಿನಲ್ಲಿ ಸ್ಥಾಪಿಸಿದರೆ, ಮೋಡೆಮ್ ಕೆಡದೆಯೇ ಮೂಕವಾಗುತ್ತಿತ್ತು. ಯಂತ್ರದ ಅರ್ಧಭಾಗ ಇದ್ದುದು ಕ್ರಮವಿಧಿಯಲ್ಲಿ ತಾನೆ!

ಇದಕ್ಕೆ ಉಪಾಯವೇನು? ಒಳಗಿರುವ ಚಿಪ್ಪು ಯಾವುದೆಂದು ಮೊದಲು ತಿಳಿಯಬೇಕು. 'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆಯಿತ್ತರೆ ಅದರ ಗುರುತು ಸಿಗುತ್ತದೆ. ಲೂಸೆಂಟ್ ಚಿಪ್ಪಿಗೆ ಎಲ್‌ಟಿಮೋಡೆಮ್, ಸ್ಮಾರ್ಟ್‌ಲಿಂಕ್ ಮೋಡೆಮಿಗೆ ಎಸ್‌ಎಲ್‌ಮೋಡೆಮ್ ಎಂಬ ಚಾಲಕ ಕ್ರಮವಿಧಿಗಳು ಲಿನಕ್ಸಿಗೂ ಒದಗಿದುವು. ಚಾಲಕ ದೊರೆತರೂ ತೊಡಕು ತೀರದು. ಡಯಲ್ ಸ್ವರವು ದೇಶದಿಂದ ದೇಶಕ್ಕೆ ಬೇರೆಯಾದುದರಿಂದ, ಮೋಡೆಮ್ ಅದನ್ನು ಗುರುತಿಸಲಾರದೆ ಸುಮ್ಮನಾಗುವುದುಂಟು. 'ಎಟಿಎಕ್ಸ್3' ಎಂಬ ಆದೇಶವಿತ್ತರೆ, ಆ ಸ್ವರಕ್ಕೆ ಕಾಯದೆ ಕರೆ ಮಾಡುತ್ತದೆ.

ಈ ಚಾಲಕಗಳಲ್ಲಿಯೂ ಒಂದೊಂದು ಭಾಗದ ಮೂಲಪಾಠವನ್ನು ತಯಾರಕರು ಪ್ರಕಟಿಸಲಿಲ್ಲ. ಲಿನಕ್ಸಿನ ತಿರುಳು ಬದಲಾದಂತೆಲ್ಲ ಆ ಭಾಗವನ್ನು ತಿದ್ದಲು ಇತರರಿಗೆ ಸಾಧ್ಯವಾಗಲಿಲ್ಲ. ನಾವು ಹಣ ತೆತ್ತು ಕೊಂಡ ಯಂತ್ರ ನಮ್ಮದೇ ಸರಿ. ಆದರೆ ಅದು ಕೆಲಸಮಾಡುವ ಬಗೆಯು ಗುಟ್ಟಾಗಿರುವವರೆಗೆ ಅದು ನಮಗೆ ಅರ್ಧವೇ ದಕ್ಕಿದಂತೆ.